ವಾರಕ್ಕೆ ಮೂರು ರಾತ್ರಿ

"ಸೋಫಾ ಮೇಲೆ ಮಲಗ್ತೀಯಾ ನೀನು? ಹೇಳೋ! ಎರಡು ವರ್ಷದಿಂದ ಈ ಮನೇಲಿ ಸೋಫಾ ಮೇಲೆ ಮಲಗ್ತಿದ್ದೀಯಾ?"

"ಕೂಗಬೇಡ ಮೆಲ್. ಗೋಡೆ ತೆಳು."

"ಕೇಳಿಸಿಕೊಳ್ಳಲಿ ಬಿಡು. ನೀನು ಎಲ್ಲಿ ಮಲಗ್ತೀಯ ಅಂತ ಪಕ್ಕದ ಮನೆ ಮುದುಕಿಗೂ ಗೊತ್ತು. ಗೊರಕೆ ಅಲ್ಲಿವರೆಗೂ ಕೇಳತ್ತೆ. ಕೌನ್ಸಿಲ್‌ಗೆ ಮಾತ್ರ ಬೇರೆ ಕಥೆ ಬರೆದಿದ್ದೀಯ!"

ಎಮ್ರಿಸ್ ಬಾಗಿಲ ಬಳಿಯೇ ನಿಂತಿದ್ದ. ಬಸ್ ಕಂಪನಿಯ ನೀಲಿ ಜಾಕೆಟ್ಟನ್ನು ಇನ್ನೂ ಬಿಚ್ಚಿರಲಿಲ್ಲ. ಒಲೆಯ ಮೇಲೆ ಕುರಿಮಾಂಸಕ್ಕೆ ಲೀಕ್ ಈರುಳ್ಳಿ ಹಾಕಿದ ಸಾರು ಕುದಿಯುತ್ತಿತ್ತು. ಅವನಿಗೆಂದೇ ಮಧ್ಯಾಹ್ನದಿಂದ ಇಟ್ಟಿದ್ದೆ. ಕೋಪ ಬಂದರೂ ಅಡುಗೆ ಮಾಡುವ ಕೆಟ್ಟ ಚಾಳಿ ನನಗೆ.

ಅವನ ಪರಿಚಯವಾದದ್ದೂ ಜಗಳದಿಂದಲೇ. ನಮ್ಮ ಕಣಿವೆಯ ಬೆಳಗಿನ ಬಸ್ಸು ಅವನದು. ಶಾಲೆಯ ಅಡುಗೆಮನೆಗೆ ಏಳಕ್ಕೆ ಮುಟ್ಟಬೇಕಾದ ನಾನು ಓಡೋಡಿ ಬರುವಷ್ಟರಲ್ಲಿ, ಒಂದು ದಿನ ಮುಖದ ಮೇಲೆ ಹೊಡೆದಂತೆ ಬಾಗಿಲು ಮುಚ್ಚಿಕೊಂಡು ಹೋದ. ಮರುದಿನ ಬಸ್ ಹತ್ತಿದವಳೇ ಎಲ್ಲರೆದುರು ಅವನ ಏಳು ತಲೆಮಾರು ಜಾಲಾಡಿದೆ. ಅವನು ತಲೆಯ ಮೇಲಿನ ಉದ್ದ ಕನ್ನಡಿಯಲ್ಲಿ ನನ್ನನ್ನು ನೋಡಿದ, ಅಷ್ಟೆ.

ಆಮೇಲೆ ಆ ಕನ್ನಡಿಯೇ ನಮ್ಮ ಅಂಚೆಪೆಟ್ಟಿಗೆಯಾಯಿತು. ಚಾಪೆಲ್ ತಿರುವಿನಲ್ಲಿ ಒಂದು ನೋಟ, ಸೇತುವೆ ದಾಟಿದ ಮೇಲೆ ಇನ್ನೊಂದು. ನಾನು ಮುಖ ಊದಿಸಿಕೊಂಡು ಕಿಟಕಿಯತ್ತ ತಿರುಗಿದರೆ ಅವನ ಹುಬ್ಬು ಮೇಲೇರುತ್ತಿತ್ತು. ತಡವಾದರೆ ನನಗಾಗಿ ಬಸ್ ನಿಲ್ಲಿಸಿಕೊಂಡು ಕಾಯತೊಡಗಿದ.

"ಮಹಾರಾಣಿಯವರ ಸವಾರಿ ಬಂತಾ? ಹೊರಡೋಣವಾ?" ಎನ್ನುತ್ತಿದ್ದ.

"ನಿನ್ನ ಗಡಿಯಾರ ರಿಪೇರಿ ಮಾಡಿಸು ಮೊದಲು," ಎನ್ನುತ್ತಿದ್ದೆ.

ನಲವತ್ತಾರರ ಹೆಂಗಸಿಗೆ ಕೆನ್ನೆ ಬಿಸಿಯಾಗುವುದೆಂದರೆ ನಾಚಿಕೆಗೇಡು. ನನಗೆ ಆಗುತ್ತಿತ್ತು.

ಶಾಲೆಯ ಸಂಬಳ ಅರ್ಧ ದಿನದ್ದು. ಬಾಡಿಗೆಗೆ ಸರ್ಕಾರದ ಸಹಾಯ, ಮನೆಗೆ ಕಟ್ಟುವ ಕೌನ್ಸಿಲ್ ತೆರಿಗೆಯಲ್ಲಿ ಕಡಿತ, ಇವೆರಡೂ ಇಲ್ಲದಿದ್ದರೆ ಈ ಎರಡು ಕೋಣೆಯೂ ನನ್ನ ಕೈಗೆ ಎಟುಕುವಂಥದ್ದಲ್ಲ. ಒಂಟಿ ಹೆಂಗಸು ಎಂದು ಸಿಗುವ ಸಹಾಯ ಅದು. ಜೊತೆಗೆ ಗಂಡಸು ಸೇರಿದರೆ ಅವನ ಸಂಬಳವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಆದರೆ ವಾರಕ್ಕೆ ಮೂರು ರಾತ್ರಿ ಉಳಿದರೆ ತೊಂದರೆಯಿಲ್ಲ, ನಾಲ್ಕಾದರೆ ಸಿಕ್ಕಿಬೀಳುತ್ತೀರಿ ಎಂದು ನಮ್ಮ ಬೀದಿಯ ಹೆಂಗಸರೆಲ್ಲ ಹೇಳುವ ಮಾತು. ಎಮ್ರಿಸ್ ಅದನ್ನು ಚಾಪೆಲ್ಲಿನ ಪ್ರಾರ್ಥನೆಗಿಂತ ಭಕ್ತಿಯಿಂದ ಪಾಲಿಸಿದ. ಶುಕ್ರವಾರ ಬರುತ್ತಿದ್ದ, ಸೋಮವಾರ ಬೆಳಗಿಗೆ ಹೋಗುತ್ತಿದ್ದ. ಮಧ್ಯದ ನಾಲ್ಕು ರಾತ್ರಿ ಅವನ ದಿಂಬನ್ನು ಅಪ್ಪಿಕೊಂಡು ಮಲಗುತ್ತಿದ್ದೆ ನಾನು.

ಹೋದ ತಿಂಗಳು, ಈ ಸಹಾಯ ಕೊಡುವ ಕೌನ್ಸಿಲ್ ಕಚೇರಿಯಿಂದ ಕಾಗದ ಬಂತು. ನಿಮ್ಮ ಮನೆಯಲ್ಲಿ ಯಾರು ಯಾರು ಇದ್ದಾರೆ, ತಿಳಿಸಿ ಎಂದು. ಈ ಕಳ್ಳಾಟ ಸಾಕಾಗಿತ್ತು ನನಗೆ.

"ಹೇಳಿಬಿಡೋಣ ಕಣೋ," ಎಂದೆ. "ಸಹಾಯ ಹೋದರೆ ಹೋಗಲಿ. ಬಾಡಿಗೆ ಇಬ್ಬರೂ ಕಟ್ಟೋಣ. ಇಲ್ಲೇ ಇದ್ದುಬಿಡು."

ಅವನು ನನ್ನ ಕೈಯನ್ನು ತನ್ನ ಎರಡೂ ಕೈಯೊಳಗೆ ಮುಚ್ಚಿಕೊಂಡು, "ಆಗಲಿ, ಕರ್ಯಾದ್," ಎಂದ. ನಮ್ಮೂರಲ್ಲಿ ಪ್ರೀತಿಸಿದವಳನ್ನು ಕರೆಯುವುದು ಹಾಗೆ. ಅಂದು ಅವನು ಕರೆದಷ್ಟು ಮೆತ್ತಗೆ ಯಾರೂ ನನ್ನನ್ನು ಹಾಗೆ ಕರೆದಿರಲಿಲ್ಲ.

ಈ ಮಂಗಳವಾರ ಎರಡು ಗಂಟೆಗೆ ಇಬ್ಬರೂ ಕೌನ್ಸಿಲ್ ಕಚೇರಿಗೆ ಹೋಗಬೇಕಿತ್ತು. ಬೆಳಿಗ್ಗೆ ಫೋನ್ ಮಾಡಿ, "ಡ್ಯೂಟಿ ಬದಲಾಯಿತು. ನನ್ನ ಹೇಳಿಕೆ ಆಗಲೇ ಕಳಿಸಿದ್ದೀನಿ, ನೀನು ಹೋಗಿ ಬಾ," ಎಂದ. ನಾನು ಪೆದ್ದಿ, ಲಿಪ್‌ಸ್ಟಿಕ್ ಹಚ್ಚಿಕೊಂಡು ಹೊರಟೆ. ಮದುವೆ ರಿಜಿಸ್ಟರಿಗೆ ಹೊರಟವಳಂತೆ.

ಮೇಜಿನ ಆಚೆ ಕೂತಿದ್ದ ಹುಡುಗಿ ಒಳ್ಳೆಯವಳು. ಫೈಲ್ ನನ್ನತ್ತ ತಿರುಗಿಸಿದಳು. ಅವನದೇ ಗುಂಡು ಅಕ್ಷರ, ನನ್ನನ್ನು ಮನೆತನದ ಹೆಸರಿನಿಂದ ಕರೆದು ಬರೆದಿದ್ದ: 'ಮಿಸೆಸ್ ಪ್ರೊಸರ್ ನನಗೆ ಪರಿಚಯದವರು. ಬಾಯ್ಲರ್ ಕೆಟ್ಟರೆ ನೋಡಿಕೊಡುತ್ತೇನೆ. ತಡವಾದರೆ ಸೋಫಾದಲ್ಲಿ ಮಲಗುತ್ತೇನೆ. ನಮ್ಮ ನಡುವೆ ಬೇರೆ ಸಂಬಂಧವಿಲ್ಲ, ಮುಂದೆಯೂ ಇರುವುದಿಲ್ಲ.'

ಮುಂದೆಯೂ ಇರುವುದಿಲ್ಲ! ಅದನ್ನು ಯಾರು ಕೇಳಿದ್ದರು ಅವನನ್ನು?

ಇಂದು ಅದನ್ನೇ ಕೇಳಿದೆ. "ಆ ಕೊನೆ ಮಾತು ಯಾಕೆ ಬರೆದೆ?"

"ನಿನಗೋಸ್ಕರ ಕಣೇ! ಸಹಾಯ ನಿಂತುಹೋದರೆ ಈ ಮನೆ ಉಳಿಯತ್ತಾ ನಿನಗೆ?"

"ಇಬ್ಬರೂ ಸೇರಿ ಕಟ್ಟೋಣ ಅಂದಿದ್ದೆ. ಆಗಲಿ ಅಂದಿದ್ದೆ ನೀನು."

"ಅಂದೆ. ಆಮೇಲೆ ಯೋಚನೆ ಮಾಡಿದೆ. ಈಗ ಇರೋದರಲ್ಲಿ ಏನು ಕಮ್ಮಿ? ಬರ್ತೀನಿ, ಹೋಗ್ತೀನಿ, ಚೆನ್ನಾಗಿದ್ದೀವಿ."

"ನೀನು ಚೆನ್ನಾಗಿದ್ದೀಯ. ಇನ್ನು ಆ ಮೂರು ರಾತ್ರಿ ನಿಯಮ—"

"ಅಯ್ಯೋ, ಅಂಥ ನಿಯಮ ಎಲ್ಲೂ ಇಲ್ಲ ಮಾರಾಯ್ತಿ! ಒಟ್ಟಿಗೆ ಬಾಳ್ತಾರಾ ಅಂತ ನೋಡ್ತಾರೆ ಅಷ್ಟೆ. ನನ್ನ ಹೆಂಡತಿಯನ್ನ ಬಿಟ್ಟ ಕಾಲದಲ್ಲೇ ಇದನ್ನೆಲ್ಲ..."

ಅಲ್ಲಿಗೇ ನಾಲಿಗೆ ಕಚ್ಚಿಕೊಂಡ.

ನಾನು ಒಲೆ ಆರಿಸಿದೆ. ಆ ಹುಡುಗಿಯೂ ಮಂಗಳವಾರ ಇದನ್ನೇ ಹೇಳಿದ್ದಳು. ಪಾಪ, ಎಮ್ರಿಸ್‌ಗೂ ಗೊತ್ತಿರಲಿಕ್ಕಿಲ್ಲ ಅಂದುಕೊಂಡಿದ್ದೆ.

"ಗೊತ್ತಿತ್ತಾ ನಿನಗೆ? ಮೊದಲಿನಿಂದಲೂ?"

ಅವನು ಜಾಕೆಟ್ಟಿನ ಜಿಪ್ ನೋಡುತ್ತ ನಿಂತ.

"ಹೋದ ವರ್ಷ ನನ್ನ ಅಮ್ಮನ್ನ ಮಣ್ಣು ಮಾಡಿದ್ದು ಸೋಮವಾರ," ಎಂದೆ. ನನ್ನ ದನಿ ನನಗೇ ಪರಕೀಯವಾಗಿ ಕೇಳಿಸಿತು. "ಇವತ್ತೊಂದು ರಾತ್ರಿ ಇರೋ ಅಂತ ನಿನ್ನ ತೋಳು ಹಿಡಿದುಕೊಂಡೆ. ನಾಲ್ಕನೇ ರಾತ್ರಿ ಆಗತ್ತೆ, ನಿನ್ನ ಮನೆಗೇ ಕುತ್ತು ಅಂದೆ ನೀನು. ನನ್ನ ಬೆರಳು ಒಂದೊಂದಾಗಿ ಬಿಡಿಸಿಕೊಂಡು ಹೋದೆ. ನಾನು ಥ್ಯಾಂಕ್ಸ್ ಹೇಳಿದೆ ಕಣೋ ನಿನಗೆ! ನನ್ನ ಮನೆ ಉಳಿಸ್ತಿದ್ದಾನೆ ಅಂತ!"

"ಮೆಲ್, ಸಾವು ಗೀವು ನನಗೆ ಆಗಲ್ಲ. ನನಗೆ... ಬರೋದು ಇಷ್ಟ. ಇರೋದು ಬೇರೆ."

ಎರಡು ವರ್ಷದಲ್ಲಿ ಅವನು ಆಡಿದ ಒಂದೇ ಪ್ರಾಮಾಣಿಕ ಮಾತು ಅದು.

"ಸರಿ. ನಾನೇನು ಬರೆದೆ ಅಂತ ಕೇಳಲ್ವಾ?"

ತಲೆ ಎತ್ತಿದ. ಮುಖ ಬಿಳಿಚಿಕೊಂಡಿತ್ತು.

"ನಿನ್ನ ಕಾಗದ ನಿಜ ಅಂತ ಸಹಿ ಹಾಕಿದರೆ ಸಹಾಯ ಹಾಗೇ ನಡೆಯತ್ತೆ ಅಂದಳು ಆ ಹುಡುಗಿ. ಪೆನ್ನೂ ಕೊಟ್ಟಳು. ಅವನು ನನ್ನ ಗಂಡಸು, ಎರಡು ವರ್ಷದಿಂದ ಒಂದೇ ಹಾಸಿಗೆ, ಅವನ ಬಟ್ಟೆ ಒಗೆಯೋಳು ನಾನು ಅಂತ ಬರೆದು ಸಹಿ ಹಾಕಿದೆ."

"ತಲೆ ಕೆಟ್ಟಿದೆಯಾ? ಹಿಂದಿನದನ್ನೆಲ್ಲ ಕೆದಕ್ತಾರೆ! ನನ್ನನ್ನೂ ಕರೆಸ್ತಾರೆ!"

"ಕರೆಸ್ತಾರೆ. ಹೋಗು. ನನ್ನ ಮುಖ ನೋಡಿಕೊಂಡು ಸೋಫಾ ಕಥೆ ಹೇಳು."

"ಮನೆ ಹೋಗತ್ತಲ್ಲೇ ನಿನ್ನದು!"

"ಹೋಗಲಿ. ಬೇರೆ ಕೋಣೆ ಹುಡುಕ್ತೀನಿ. ನಾನು ಯಾರಿಗೂ ಪರಿಚಯದವಳಾಗಿ ಬದುಕಲ್ಲ."

ಒಂದು ಗಳಿಗೆ ಅವನು ನನ್ನನ್ನು ನೋಡಿದ, ಬಸ್ಸಿನ ಕನ್ನಡಿಯಲ್ಲಿ ನೋಡುತ್ತಿದ್ದ ಅದೇ ಕಣ್ಣಲ್ಲಿ. ಈಗಲೂ ಅವು ಚೆಂದವಾಗಿಯೇ ಇದ್ದವು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

"ತಲೆ ತಣ್ಣಗಾಗಲಿ ನಿಂದು. ಒಂದು ಸುತ್ತು ಹೋಗಿ ಬರ್ತೀನಿ," ಎಂದು ಬಾಗಿಲು ತೆಗೆದ.

ಮೆಟ್ಟಿಲ ಮೇಲೆ ಅವನ ಬೂಟಿನ ಸದ್ದು ಇಳಿಯಿತು. ಅರ್ಧಕ್ಕೆ ನಿಂತಿತು. ನಾನು ಕರೆಯಲೆಂದು ಕಾದನೋ, ಜೇಬಿನಲ್ಲಿ ಏನಾದರೂ ಹುಡುಕಿದನೋ ಗೊತ್ತಿಲ್ಲ. ನನ್ನ ಕೈ ಚಿಲಕದ ಮೇಲಿತ್ತು. ಹಲ್ಲು ಕಚ್ಚಿ ಹಿಡಿದೆ. ಸದ್ದು ಮತ್ತೆ ಶುರುವಾಯಿತು, ಕೆಳಗಿನ ದೊಡ್ಡ ಬಾಗಿಲು ತೆರೆಯಿತು, ಮುಚ್ಚಿತು.

ಅವನು ತಿರುಗಿ ಬರಲಿಲ್ಲ.