ಅಪ್ಪನ ಸೀಟಿನ ಬೆಲ್ಟು

ಇದು ನನ್ನ ಕಣ್ಣೆದುರೇ ನಡೆದದ್ದು. ಅಪ್ಪ ತೀರಿಕೊಂಡ ಮೇಲೆ ಅಮ್ಮ ಅಂದೇ ಮೊದಲ ಸಲ ಕಾರು ತೆಗೆದಿದ್ದಳು. ನಾನು ಹಿಂದೆ ಕೂತಿದ್ದೆ. ಅವಳ ಪಕ್ಕದ ಅಪ್ಪನ ಸೀಟು ಖಾಲಿಯಿತ್ತು. ಇಪೋ ಪಟ್ಟಣಕ್ಕೆ ಹೋಗುವ ದಾರಿಯಲ್ಲಿ, ಆ ಸೀಟಿನವರು ಬೆಲ್ಟು ಹಾಕಿಲ್ಲವೆಂದು ಪರದೆಯ ಮೇಲೆ ಕೆಂಪು ಗುರುತು ಮಿನುಗಿ, ಕಾರು ಟಿಣ್ ಟಿಣ್ ಎನ್ನತೊಡಗಿತು.

"ಸುಹೈಲಾ, ಅಲ್ಲೇನಾದ್ರೂ ಇಟ್ಟಿದ್ದೀಯೇನೇ?"

"ಏನೂ ಇಲ್ಲಮ್ಮ."

ಆ ಬದಿಯ ಏಸಿ ತಾನಾಗಿಯೇ ಇಪ್ಪತ್ತೇಳಕ್ಕೆ ಏರಿತು. ಅಪ್ಪ ಇಟ್ಟುಕೊಳ್ಳುತ್ತಿದ್ದದ್ದೂ ಅಷ್ಟೇ.

ಅಮ್ಮ ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿದಳು.

"ಬದುಕಿದ್ದಾಗ್ಲೂ ನಿಮ್ದು ಇದೇ ಗೋಳು. ಬೆಲ್ಟ್ ಹಾಕ್ಕೊಳ್ರೀ ಅಂದ್ರೆ ಒಂದಿನಾನೂ ಕೇಳ್ಲಿಲ್ಲ," ಎಂದು ಬೈಯುತ್ತಲೇ ಬಾಗಿ ಬೆಲ್ಟು ಎಳೆದು ಸಿಕ್ಕಿಸಿದಳು. ಸದ್ದು ನಿಂತಿತು.

ನಾನು ಇಣುಕಿ ನೋಡಿದೆ. ಬೆಲ್ಟು ಸೀಟಿಗೆ ಅಂಟಿಕೊಂಡಿರಲಿಲ್ಲ. ಒಂದು ಗೇಣು ಮೇಲೆ ದುಂಡಗೆ ಉಬ್ಬಿ ನಿಂತು, ಮೆಲ್ಲಗೆ ಏರಿಳಿಯುತ್ತಿತ್ತು.