ಇನ್ನೂ ತೋಟವಾಗದ ನೆಲ

"ಇದು ಫಾರಂ ಅಲ್ಲ ಮೇಡಂ, ಬೀಳು. ನೇಗಿಲು ಕಂಡು ಎಷ್ಟು ಕಾಲವಾಯ್ತೋ," ಅಂದ ಹೊಸ ಸರ್ವೇಯರ್, ಅವಳ ಕಂಪ್ಯೂಟರಿನತ್ತ ಬಗ್ಗಿ.

ಅದು ಅವರ ಮೊದಲ ಮಾತು. ಮೊದಲ ಜಗಳವೂ ಅದೇ.

ಜಮೀನು ಮಾರಿಸುವ ಆ ಆಫೀಸಿನಲ್ಲಿ ಅವಳದು ಜಾಹೀರಾತು ಬರೆಯುವ ಕೆಲಸ. ಅಳೆಯುವವರು ಫೋಟೊ ತರುತ್ತಾರೆ, ಅವಳು ಅದನ್ನು ನೋಡಿ ಬರೆಯುತ್ತಾಳೆ. ಜಾಗಕ್ಕೆ ಹೋಗುವಂತಿಲ್ಲ. ಕಣ್ಣಾರೆ ನೋಡಿದವರಿಗೆ ಹೊಗಳಲು ಮನಸ್ಸು ಬರುವುದಿಲ್ಲ ಎಂಬುದು ಯಜಮಾನರ ಸಿದ್ಧಾಂತ. ಅವರ ಪ್ರಕಾರ ಬೇಲಿ ಇದ್ದದ್ದೆಲ್ಲ ಫಾರಂ, ಬೇಲಿ ಇಲ್ಲದ್ದು ವಿಶಾಲವಾದ ಫಾರಂ.

"ಬೀಳು ಅಂತ ಬರೆದ್ರೆ ಯಾರು ಕೊಳ್ತಾರೆ ಸರ್ವೇಯರ್ ಸಾಹೇಬ್ರೇ?"

"ಕೊಳ್ಳೋದು ಬಿಡಿ. ಸರಿಯಾದ ಹೆಸರಲ್ಲಿ ಕರೆದ್ರೆ ನೆಲಕ್ಕೂ ಮರ್ಯಾದೆ."

ಅವಳಿಗೆ ನಗು ಬಂತು. ವಯಸ್ಸು ನಲವತ್ತರ ಹತ್ತಿರ. ಮದುವೆ ಮುರಿದ ಮೇಲೆ ತಮ್ಮನ ಮನೆಯ ಹಜಾರದಲ್ಲಿ ಮಲಗುವವಳು, ಎಲ್ಲರೂ ಟಿವಿ ಆರಿಸುವವರೆಗೆ ಹಾಸಿಗೆ ಬಿಡಿಸುವಂತಿಲ್ಲ. ನಗುವ ಅಭ್ಯಾಸ ತಪ್ಪಿಹೋಗಿತ್ತು.

ಆಮೇಲೆ ಹಿಂದಿನ ಮೆಟ್ಟಿಲ ಮೇಲೆ ಇಬ್ಬರ ಟೀ ಶುರುವಾಯಿತು. ಅವನು ಹೇಳುವನು, ಅವಳು ಕೆಣಕುವಳು.

"ಮಳೆ ನಂಬಿ ಬಿತ್ತಿದ್ದು ಹೊಲ. ನೀರು ನಿಲ್ಲಿಸಿದ್ದು ಗದ್ದೆ."

"ಅಷ್ಟು ನನಗೂ ಗೊತ್ತು. ತೋಟ?"

"ನೆಟ್ಟವರು ವರ್ಷಗಟ್ಟಲೆ ಕಾಯೋಕೆ ಒಪ್ಪಿದ್ದು ತೋಟ," ಅಂದವನು ಬೇಕಿದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ಅವಳನ್ನು ನೋಡಿದ. ಅವಳು ಲೋಟದೊಳಗೆ ಕಣ್ಣಿಟ್ಟಳು.

ಅವನಿಗೂ ಒಂದು ತುಂಡು ನೆಲ ಇತ್ತು. ಕೆಳಗೆ ಗದ್ದೆ, ಮೇಲೆ ಕೆಂಪು ಹೊಲ, ನಡುವೆ ಅರ್ಧ ಕುಸಿದ ಬಾವಿ. ಬಾವಿಯ ಪಕ್ಕ ಸಿಡಿಲು ಸೀಳಿದ, ಒಂದೇ ಮಗ್ಗುಲಲ್ಲಿ ಚಿಗುರುವ ಮರ.

"ಬಾವಿಯಾಚೆ ಮೂಲೆ ಖಾಲಿ ಇದೆ. ಅದಿನ್ನೂ ತೋಟ ಅಲ್ಲ."

"ಯಾವಾಗ ಆಗುತ್ತೆ?"

"ನಾನೊಬ್ಬನೇ ಅಂದ್ರೆ ಆಗೋದೇ ಇಲ್ಲ. ಇಬ್ಬರಾದ್ರೆ ಬೇಗ ಆಗುತ್ತೆ."

"ನನಗೆ ಗಿಡ ನೆಟ್ಟು ಗೊತ್ತಿಲ್ಲ."

"ನೀರು ಹಾಕೋಕೆ ಬರುತ್ತಲ್ಲ?"

ಅಂದಿನಿಂದ ಅವನ ಬಾಯಲ್ಲಿ ಮೇಡಂ ಹೋಗಿ ನೀನು ಬಂತು. ತನ್ನನ್ನು ಸಾಕಿ ಬೆಳೆಸಿದ ಅಕ್ಕನ ಹತ್ತಿರ ನಮ್ಮ ವಿಷಯ ಮಾತಾಡ್ತೀನಿ ಅಂದ. ಅಕ್ಕನ ಮಗಳ ಪರೀಕ್ಷೆ ಮುಗಿಯಲಿ ಅಂದ, ಭಾವನ ಬೆನ್ನುನೋವು ಇಳಿಯಲಿ ಅಂದ. ಅವಳು ಕಾದಳು. ಹಜಾರದಲ್ಲಿ ಮಲಗಿ ಬಾವಿಯಾಚೆಯ ಆ ಮೂಲೆಯಲ್ಲಿ ಮನಸ್ಸಿನಲ್ಲೇ ಗಿಡ ನೆಟ್ಟಳು, ಕಿತ್ತು ಜಾಗ ಬದಲಿಸಿ ಮತ್ತೆ ನೆಟ್ಟಳು.

ಒಂದು ಸೋಮವಾರ ಅವನು ಮೇಜಿನ ಮೇಲಿಟ್ಟು ಹೋದ ಫೋಟೊಗಳಲ್ಲಿ ಸೀಳಿದ ಮರವೊಂದಿತ್ತು. ಒಂದೇ ಮಗ್ಗುಲಲ್ಲಿ ಚಿಗುರು. ಪಕ್ಕದಲ್ಲಿ ಕುಸಿದ ಬಾವಿ.

ಅವಳು ಮೆಟ್ಟಿಲಿಗೆ ಹೋದಳು. "ಅದು ನಿಮ್ಮದೇ ಅಲ್ವಾ?"

ನಮ್ಮದು ಅನ್ನದೆ ನಿಮ್ಮದು ಅಂದದ್ದು ಅವನಿಗೆ ತಾಕಿತು. "ನೀನು ಆ ಕಡೆ ಬಂದೇ ಇಲ್ಲ. ಹೇಗೆ ಗೊತ್ತಾಯ್ತು?"

"ನೋಡದೆ ಇರೋ ಜಾಗ ಕಣ್ಣಿಗೆ ಕಟ್ಟಿಕೊಳ್ಳೋದೇ ನನ್ನ ಕೆಲಸ. ನೀವು ವರ್ಷವಿಡೀ ಕೂತು ಹೇಳಿದ್ದು ಗುರುತು ಹತ್ತಲ್ವಾ?"

"ಭಾವ ಅಂಗಡಿ ದೊಡ್ಡದು ಮಾಡ್ತಿದಾರೆ. ನೆಲ ಮಾರಿ ದುಡ್ಡು ಹಾಕಿ ನಾನೂ ಅವರ ಜೊತೆ ಸೇರಬೇಕಂತೆ. ಅಕ್ಕನಿಗೆ ಇಲ್ಲ ಅನ್ನೋಕೆ ನನಗೆ ಬಾಯೇ ಬರಲ್ಲ."

"ನನ್ನ ವಿಷಯ?"

"ಎತ್ತಿದ್ದೆ. ಗಂಡನ್ನ ಬಿಟ್ಟು ಬಂದವಳು ಅಂತ ಅಕ್ಕ..."

"ಅಕ್ಕ ಅಂದಿದ್ದು ಬಿಡಿ. ನೀವೇನಂದ್ರಿ?"

ಅವನು ಕೈಯಲ್ಲಿದ್ದ ಅಳತೆ ಟೇಪನ್ನು ಎಳೆದ, ಬಿಟ್ಟ. ಅದು ಸರ್ರನೆ ಒಳಗೆ ಹೋಯಿತು.

"ನನಗೆ ಗುರುತು ಸಿಗದೆ ನಾನೇ ಬರೆದು ಮಾರಿಬಿಡ್ಲಿ ಅಂತ ಫೋಟೊ ಇಟ್ರಿ."

"ನಿನ್ನಷ್ಟು ಚೆನ್ನಾಗಿ ಬೇರೆ ಯಾರೂ ಬರೆಯಲ್ಲ," ಅಂದ ಮೆಲ್ಲಗೆ.

ಮನಸಾರೆ ಹೊಗಳಿದ್ದ. ಅದರ ಬದಲು ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು.

ಅವಳು ಬರೆದಳು. ಗದ್ದೆಯನ್ನು ಗದ್ದೆ ಅಂದಳು, ಹೊಲವನ್ನು ಹೊಲ. ಬಾವಿಯಾಚೆಯ ಮೂಲೆ ಇನ್ನೂ ತೋಟವಾಗಿಲ್ಲ, ಇಬ್ಬರಿದ್ದರೆ ಬೇಗ ಆಗುತ್ತದೆ ಎಂದೂ ಬರೆದಳು.

"ಫಾರಂ ಅನ್ನೋ ಮಾತೇ ಇಲ್ವಲ್ಲಮ್ಮ?" ಅಂದರು ಯಜಮಾನರು.

"ಇದಕ್ಕೆ ಬೇಡ ಸರ್."

ಆ ವಾರವೇ ಒಂದು ಜೋಡಿ ಬಂತು, ಹೊಸದಾಗಿ ಮದುವೆಯಾದವರು. ಹುಡುಗಿ ನೇರ ಅವಳ ಮೇಜಿಗೇ ಬಂದಳು. "ನೀವೇನಾ ಬರೆದಿದ್ದು? ಓದಿದ ತಕ್ಷಣ ಇವರಿಗೆ ಹೇಳ್ದೆ, ಅಲ್ಲೇ ಇರೋಣ ಅಂತ. ನಿಮಗೆ ತುಂಬ ಇಷ್ಟದ ಜಾಗ ಅಲ್ವಾ?"

"ನಾನು ನೋಡಿಲ್ಲಮ್ಮ."

"ಅಯ್ಯೋ, ಹಾಗಾದ್ರೆ ಈಗ ಬನ್ನಿ. ಕಾರಲ್ಲಿ ಜಾಗ ಇದೆ."

ಜಾಗ ತೋರಿಸಲು ಹೊರಟಿದ್ದ ಸರ್ವೇಯರ್ ಬಾಗಿಲಲ್ಲಿ ನಿಂತಿದ್ದ. ಅವಳು ಅವನತ್ತ ನೋಡಿದಳು. ಅವನೊಂದು ಮಾತು ಅಂದಿದ್ದರೆ, ಬೇಡ ಅಂತಲಾದರೂ, ಸಾಕಿತ್ತು. ಅವನು ಚಪ್ಪಲಿಯಲ್ಲಿ ಕಾಲು ತೂರಿಸುವುದರಲ್ಲಿ ಮಗ್ನನಾಗಿದ್ದ.

"ನೀವು ಹೋಗ್ಬನ್ನಿ," ಅಂದಳು ಹುಡುಗಿಗೆ. "ಚೆನ್ನಾಗಿದೆ. ತಗೊಳ್ಳಿ."

ಕಿಟಕಿಯಿಂದ ಕಾರು ಕಾಣುತ್ತಿತ್ತು. ಗಂಡ ಹೆಂಡತಿ ಮುಂದೆ ಕೂತರು, ಅವನು ಹಿಂದೆ. ಅವನ ಪಕ್ಕದಲ್ಲಿ ಇನ್ನೊಬ್ಬರು ಆರಾಮಾಗಿ ಕೂರಬಹುದಿತ್ತು. ಅವನು ತನ್ನ ಬ್ಯಾಗನ್ನು ಅಲ್ಲಿಟ್ಟು ಬಾಗಿಲು ಎಳೆದುಕೊಂಡ.