ಹೌದ್ರಿ ಅಂದ್ರ ಸಾಕು

ವಿಮಾನ ಹಾರಲಿಲ್ಲ, ದುಡ್ಡು ಹಾರಿತು. ಮರಿಲಿಂಗಪ್ಪನ ಹೊಟ್ಟೆಯುರಿ ಇಷ್ಟೇ. ಮಗಳು ಸಪ್ನಾಳ ಗಂಡ ದಿಲ್ಲಿಯಲ್ಲಿ ಸೈನಿಕ. ಚೊಚ್ಚಲ ಬಸುರಿ ಅಷ್ಟು ದೂರ ಪ್ರಯಾಣ ಮಾಡುವುದು ಬೇಡವೆಂದು ಡಾಕ್ಟರು ಹೇಳಿದ್ದರಿಂದ ತವರುಮನೆಯೇ ಅಲ್ಲಿಗೆ ಹೋಗುವುದೆಂದು ತೀರ್ಮಾನವಾಯಿತು. ಹೆಂಡತಿ ಪರಿಮಳಾ ತನ್ನ ತಾಯಿ ಕೊಟ್ಟಿದ್ದ ಬೆಂಡೋಲೆ ಬಿಚ್ಚಿಕೊಟ್ಟಳು. ಅವು ಶಹಾಪುರದ ಸರಾಫನ ಅಂಗಡಿಯಲ್ಲಿ ಒತ್ತೆ ಬಿದ್ದು, ಹೈದರಾಬಾದಿನಿಂದ ದಿಲ್ಲಿಗೆ ಎರಡು ಟಿಕೆಟ್ ಬಂದವು. ಹಿಂದೆಯೇ ಲಾಕ್‌ಡೌನ್ ಬಂತು. ಮೊಮ್ಮಗನ ಮುಖವನ್ನು ಇಬ್ಬರೂ ಫೋನಿನಲ್ಲೇ ನೋಡಿದರು. ತೂತು ಮುಚ್ಚಿಹೋಗದಿರಲೆಂದು ಪರಿಮಳಾ ಕಿವಿಗೆ ಬೇವಿನ ಕಡ್ಡಿ ಚುಚ್ಚಿಕೊಂಡಳು.

ವಿಮಾನ ಕಂಪನಿ ದುಡ್ಡು ಕೊಡುವುದಿಲ್ಲ ಎನ್ನಲಿಲ್ಲ, ಕೊಡುತ್ತೇವೆ ಎಂದೂ ಅನ್ನಲಿಲ್ಲ. ನಿಮ್ಮ ಹೆಸರಿನಲ್ಲೇ ಜಮಾ ಇದೆ, ವರ್ಷದೊಳಗೆ ನಮ್ಮ ವಿಮಾನದಲ್ಲೇ ಎಲ್ಲಿಗಾದರೂ ಹೋಗಿ ಎಂದಿತು. ಕೊರೊನಾದಲ್ಲಿ ಹೋಗುವುದೆಲ್ಲಿಗೆ? ಅವನು ಹತ್ತು ತಿಂಗಳು ಫೋನು ಮಾಡಿದ. ಒಂದು ಒತ್ತಿದ, ಎರಡು ಒತ್ತಿದ, ಸಂಗೀತ ಕೇಳಿದ. ಅತ್ತ ಸರಾಫ, ಯುಗಾದಿಗೆ ಬಿಡಿಸಿಕೊಳ್ಳದಿದ್ದರೆ ಬೆಂಡೋಲೆ ಕರಗಿಸುತ್ತೇನೆಂದು ಹೇಳಿಕಳಿಸಿದ. ಭೀಮರಾಯನಗುಡಿಯಲ್ಲಿ ಕಾಲುವೆ ಗುತ್ತಿಗೆದಾರನೊಬ್ಬನ ಗುಮಾಸ್ತನಾಗಿ, ಎಂಥ ಬಿಲ್ಲನ್ನೂ ಪಾಸು ಮಾಡಿಸುವವನೆಂದು ಹೆಸರು ಪಡೆದಿದ್ದ ಮರಿಲಿಂಗಪ್ಪನಿಗೆ ಹೆಂಡತಿಯ ಕಿವಿಯತ್ತ ನೋಡಲು ನಾಚಿಕೆಯಾಗುತ್ತಿತ್ತು.

ಕಂಪನಿಯ ನಿಯಮಗಳನ್ನು ಹತ್ತನೆಯ ಸಲ ಓದುವಾಗ ಕೊನೆಯ ಸಾಲು ಕಣ್ಣಿಗೆ ಬಿತ್ತು. ಪ್ರಯಾಣಿಕರಲ್ಲಿ ಒಬ್ಬರು ತೀರಿಕೊಂಡರೆ ಎರಡೂ ಟಿಕೆಟ್ಟಿನ ಹಣ ಉಳಿದವರಿಗೆ ನಗದಾಗಿ ಸಿಗುತ್ತದೆ. ಬದುಕಿದ್ದವರಿಗೆ ಸಂಗೀತ, ಸತ್ತವರಿಗೆ ನಗದು. ಹಾಗಾದರೆ ಸಾಯುವುದೇ ವಾಸಿ ಎಂದುಕೊಂಡ.

ಸುಳ್ಳು ಕಾಗದ ಮಾಡಿಸಿ ಸಿಕ್ಕಿಬೀಳುವಷ್ಟು ದಡ್ಡ ಅವನಲ್ಲ. ಅಸಲಿ ಕಾಗದವೇ ಮನೆಯ ಟ್ರಂಕಿನಲ್ಲಿತ್ತು. ಅವರ ಮನೆತನದಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ರೂಢಿ. ಅಜ್ಜ ಮರಿಲಿಂಗಪ್ಪ, ಅವನ ತಂದೆ ಅಂಬಣ್ಣ, ಊರು ಕೊಂಕಲ್. ಇವನೂ ಮರಿಲಿಂಗಪ್ಪ, ತಂದೆ ಅಂಬಣ್ಣ, ಊರು ಕೊಂಕಲ್. ಅಜ್ಜ ತೊಂಬತ್ತು ದಾಟಿ ಹಿಂದಿನ ಆಗಸ್ಟಿನಲ್ಲಿ ತೀರಿಕೊಂಡಿದ್ದ. ಮರಣ ಪ್ರಮಾಣಪತ್ರದಲ್ಲಿ ವಯಸ್ಸು ಇರಲಿಲ್ಲ, ಟಿಕೆಟ್ಟಿನಲ್ಲೂ ಇರಲಿಲ್ಲ. ಸಹಿ ಸರಕಾರದ್ದು, ಮುದ್ರೆ ಸರಕಾರದ್ದು. ಇದರಲ್ಲಿ ಸುಳ್ಳು ಎಲ್ಲಿದೆ ತೋರಿಸಿ ಎಂದು ಮನಸ್ಸಿನಲ್ಲೇ ನ್ಯಾಯಾಧೀಶನನ್ನು ಕೇಳಿ, ತಾನೇ ಗೆದ್ದ. ಕಂಪನಿ ಚಾಪೆಯ ಕೆಳಗೆ ತೂರಿದರೆ ತಾನು ರಂಗೋಲಿಯ ಕೆಳಗೆ ತೂರಿದೆನೆಂದು ಹಿಗ್ಗಿದ.

ಅರ್ಜಿ ಪರಿಮಳಾಳ ಹೆಸರಿನಲ್ಲಿ ಹೋಗಬೇಕಿತ್ತು. ಕಂಪನಿಯವರು ಒಮ್ಮೆ ಫೋನು ಮಾಡಿ ಅವಳನ್ನೇ ವಿಚಾರಿಸುವುದೂ ನಿಯಮದಲ್ಲಿತ್ತು. ಇದನ್ನೆಲ್ಲ ಕೇಳಿದ ಮೇಲೆ ಅವಳು ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ರೊಟ್ಟಿ ಬಡಿಯುತ್ತ ಬಾಯಿ ತೆರೆದಳು.

"ಸಪ್ನಾನ ಅಪ್ಪ ಕಣ್ಣೆದುರಿಗೆ ಕುಂತಾಗ ಸತ್ತಾರ ಅಂತ ನನ್ನ ಬಾಯಿಲೆ ಬರಂಗಿಲ್ಲರಿ."

"ನೀ ಏನೂ ಅನಬ್ಯಾಡ. ಅವರು ಕೇಳ್ತಾರ, ನೀ ಹೌದ್ರಿ ಅಂದ್ರ ಸಾಕು."

ಅವಳು ಹಿಟ್ಟಿನ ಕೈಯಲ್ಲೇ ಕಿವಿಯ ಕಡ್ಡಿ ಮುಟ್ಟಿಕೊಂಡು ಒಪ್ಪಿದಳು.

ಅರ್ಜಿ ಹೋಯಿತು. ಅಂದಿನಿಂದ ದಿನವೂ ತಾಲೀಮು. ಅವನು ಕಂಪನಿಯವನಾಗಿ ದನಿ ಬದಲಿಸಿ ಕೇಳುತ್ತಿದ್ದ. ಪರಿಮಳಾ ಅವರು ನೀವೇನಾ? ಹೌದ್ರಿ. ನಿಮ್ಮ ಪತಿ ಆಗಸ್ಟಿನಲ್ಲಿ ತೀರಿಕೊಂಡರೇ? ಹೌದ್ರಿ. ಅಂದಾದ ಮೇಲೆ ಅವಳು ಪ್ರತಿ ಸಲವೂ ತಾಳಿಯನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ತಾರೀಖು, ಊರು, ಟಿಕೆಟ್ ನಂಬರು, ಬ್ಯಾಂಕಿನ ಹೆಸರು ಎಲ್ಲವನ್ನೂ ಬಾಯಿಪಾಠ ಮಾಡಿಸಿದ. ಫೋನು ಬಂದಾಗ ತಾನು ಕೆಮ್ಮಲೂಬಾರದೆಂದು ಬೆಲ್ಲದ ಚೂರನ್ನೂ ತೆಗೆದಿಟ್ಟುಕೊಂಡ. ಎಷ್ಟು ತಿರುಗಿಸಿ ನೋಡಿದರೂ ಅವನಿಗೆ ಒಂದು ಕೊರತೆಯೂ ಕಾಣಲಿಲ್ಲ.

ಯುಗಾದಿಗೆ ಎಂಟು ದಿನ ಇರುವಾಗ, ಮಧ್ಯಾಹ್ನ ಉಣ್ಣುವ ಹೊತ್ತಿಗೆ ಫೋನು ಬಂತು. ಕನ್ನಡದ ಹುಡುಗಿ, ಮೆತ್ತಗಿನ ದನಿ. ಪರಿಮಳಾ ಸ್ಪೀಕರ್ ಹಾಕಿ ಮಾತಾಡಿದಳು. ಅವನು ಎದುರಿಗೆ ಬೆಲ್ಲ ಚೀಪುತ್ತ ಕುಳಿತು ತಲೆಯಾಡಿಸಿದ. ಹೌದ್ರಿ. ಹೌದ್ರಿ. ತಾರೀಖು ಸರಿ, ಊರು ಸರಿ, ಬ್ಯಾಂಕು ಸರಿ. ಎರಡು ದಿನದಲ್ಲಿ ಹಣ ಜಮಾ ಆಗುತ್ತದೆ ಮೇಡಂ ಎಂದಳು ಹುಡುಗಿ. ಮರಿಲಿಂಗಪ್ಪ ಎಷ್ಟೋ ತಿಂಗಳ ನಂತರ ಮೊದಲ ಸಲ ಹೆಂಡತಿಯ ಕಿವಿಯನ್ನು ನೇರವಾಗಿ ನೋಡಿದ.

ಕೊನೆಯದಾಗಿ ಒಂದೇ ಒಂದು, ಇದು ರೆಕಾರ್ಡ್ ಆಗುತ್ತಿದೆ, ತೀರಿಕೊಂಡ ನಿಮ್ಮ ಪತಿಯ ಹೆಸರನ್ನು ನಿಮ್ಮ ಬಾಯಿಂದಲೇ ಹೇಳಿಬಿಡಿ ಎಂದಳು ಹುಡುಗಿ. ಪರಿಮಳಾ ಗಂಡನತ್ತ ತಿರುಗಿದಳು. ಆಗ ಅವನಿಗೆ ನೆನಪಾಯಿತು. ಮದುವೆಯ ದಿನ ಹತ್ತು ಜನ ಕಾಡಿದ್ದಕ್ಕೆ ಪ್ರಾಸದ ಒಡಪು ಕಟ್ಟಿ ಅದರಲ್ಲಿ ಒಮ್ಮೆ ಹೇಳಿದ್ದೇ ಕೊನೆ, ಇಪ್ಪತ್ತಾರು ವರ್ಷದಲ್ಲಿ ಅವಳು ಆ ಹೆಸರನ್ನು ಬಾಯಿಂದ ಆಡಿದವಳಲ್ಲ. ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆಂದು ನಂಬಿದವಳು. ರೇಷನ್ ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ ಯಾರಾದರೂ ಪಕ್ಕದವರು ಹೇಳುತ್ತಿದ್ದರು. ಫೋನು ತನ್ನತ್ತ ತಿರುಗುವುದನ್ನು ಕಂಡು ಅವನು ಬೇಡವೆಂದು ಎರಡೂ ಕೈ ಆಡಿಸಿದ. ಬಾಯಲ್ಲಿ ಬೆಲ್ಲವಿತ್ತು. ಹೇಳಿಕೊಟ್ಟ ಪಾಠವೆಲ್ಲ ಮರೆತು, ಎಂದಿನ ನಾಚಿಕೆಯಲ್ಲಿ ಸೆರಗು ಎಳೆದುಕೊಂಡು ಪರಿಮಳಾ ಫೋನನ್ನು ಅವನ ಮುಂದೆ ಹಿಡಿದಳು. "ಅವರ ಹೆಸರು ನಾ ಹ್ಯಾಂಗ ಹೇಳ್ಲಿ ತಂಗಿ? ಇಲ್ಲೇ ಕುಂತಾರ, ತಡಿ, ಅವರಿಗೇ ಕೊಡ್ತೀನಿ."